ಜಪಾನಿನಲ್ಲಿ ನಾನು ನೋಡಿದ್ದು ಪಾಠ ನಿಂತುಹೋದ ಶಾಲೆಗಳನ್ನು

ಜಪಾನಿಗೆ ಹೊರಟ ಮೇಷ್ಟ್ರುಗಳಿಗೆ ನಾನು ಹೇಳುವುದು ಇಷ್ಟೇ: ನಡೆಯುತ್ತಿರುವ ಶಾಲೆಯ ಗೇಟಿನ ಮುಂದೆ ಕಾಯುತ್ತಾ ನಿಲ್ಲಬೇಡಿ, ಪಾಠ ನಿಂತುಹೋದ ಶಾಲೆಗಳಿಗೆ ಹೋಗಿ. ಮಕ್ಕಳಿರುವ ಜಾಗಕ್ಕೆ ಹೊರಗಿನವರನ್ನು ಅಲ್ಲಿ ಸುಮ್ನೆ ಬಿಡುವುದಿಲ್ಲ. ಅದು ಸರಿಯೇ. ನಮ್ಮ ಶಾಲೆಗೆ ಯಾರೋ ಕ್ಯಾಮೆರಾ ತೂಗುಹಾಕಿಕೊಂಡು ಬಂದರೆ ನಾವು ಬಿಡ್ತೀವಾ? ಆದರೆ ಹಳೇ ಶಾಲೆಗಳನ್ನು ಎಷ್ಟೋ ಕಡೆ ಕೆಡವದೆ ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ಅಲ್ಲಿ ಯಾರ ಚೀಟಿಯೂ ಬೇಡ.

ನಾನು ಬೆಳಗಾವಿ ಜಿಲ್ಲೆಯ ಕೃಷ್ಣಾ ದಂಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕ. ಹೊರಡುವ ಮೊದಲು ಏಳನೇ ತರಗತಿಯವರಿಗೆ ನೋಟ್‌ಬುಕ್ ಕೊಟ್ಟು, ಅಲ್ಲಿ ಏನು ನೋಡಿಕೊಂಡು ಬರಲಿ, ಬರೆದುಕೊಡಿ ಅಂದೆ. 'ಅಲ್ಲಿ ಮಾಸ್ತರು ಹೊಡೀತಾರೇನ್ರಿ ಸರ?' 'ಊಟಕ್ಕ ಏನ್ ಕೊಡ್ತಾರ?' 'ಕಸ ಯಾರ್ ಹೊಡೀತಾರ?' 'ಭೂಕಂಪ ಆದ್ರ ಸಾಲಿ ಸೂಟಿ ಕೊಡ್ತಾರೇನು?' ಗೈಡ್ ಪುಸ್ತಕ ಬದಿಗಿಟ್ಟು ಇದನ್ನೇ ಹಿಡಿದುಕೊಂಡು ಹೋದೆ.

ಮೊದಲ ಮೂರಕ್ಕೆ ಉತ್ತರ ಬೇಗ ಸಿಗುತ್ತದೆ. ಹೊಡೆಯುವುದನ್ನು 1947ರ ಶಾಲಾ ಶಿಕ್ಷಣ ಕಾಯ್ದೆಯೇ ನಿಷೇಧಿಸಿದೆ. ಬಿಳಿ ಏಪ್ರನ್ ಕಟ್ಟಿಕೊಂಡು ಊಟ ಬಡಿಸುವವರೂ ಮಕ್ಕಳೇ, ನೆಲ ಒರೆಸುವವರೂ ಮಕ್ಕಳೇ. ಶಾಲೆಯ ಊಟ ಶುರುವಾದದ್ದು 1889ರಲ್ಲಿ, ತ್ಸುರುಒಕಾ ಎಂಬ ಊರಿನಲ್ಲಿ, ದೇವಸ್ಥಾನದ ಆವರಣದಲ್ಲಿದ್ದ ಒಂದು ಶಾಲೆಯಲ್ಲಿ, ಬಡ ಮಕ್ಕಳಿಗಾಗಿ. ಬಿಸಿಯೂಟದ ಲೆಕ್ಕ ಬರೆದು ಬರೆದು ಸುಸ್ತಾದ ನನಗೆ ಇದು ಯಾಕೋ ಸಮಾಧಾನ ಕೊಟ್ಟಿತು.

ಖರ್ಚಿನ ಮಾತು ಸ್ವಲ್ಪ. ಬೆಂಗಳೂರಿನಿಂದ ಟೋಕಿಯೋ ಹತ್ತಿರದ ನರಿತಾಗೆ ನೇರ ವಿಮಾನವಿದೆ. ವಿದೇಶಿ ಪ್ರವಾಸಿಗರಿಗೆಂದು ಇರುವ ರೈಲು ಪಾಸಿನ ಬೆಲೆ 2023ರ ಅಕ್ಟೋಬರಿನಲ್ಲಿ ಏರಿತು. 29,650 ಯೆನ್ ಇದ್ದ ಏಳು ದಿನದ ಪಾಸ್ 50,000 ಯೆನ್ ಆಯಿತು. ಎಲ್ಲಾ ಊರನ್ನೂ ಏಳು ದಿನದಲ್ಲಿ ಓಡಿ ಮುಗಿಸುವವರಿಗೆ ಮಾತ್ರ ಅದು ಲಾಭ. ನನ್ನದು ನಿಧಾನದ ಕಾಲು, ಹಾಗಾಗಿ ಬಿಡಿ ಟಿಕೆಟ್ ತಗೊಂಡೆ, ದೂರದ ಊರಿಗೆ ರಾತ್ರಿ ಬಸ್ಸು ಹತ್ತಿದೆ. ಸಸ್ಯಾಹಾರಿಗಳಿಗೆ ಕಷ್ಟವಿದೆ, ಸಾರಿಗೂ ಒಣಮೀನಿನ ರಸ ಬೀಳುತ್ತದೆ. ಹುಳಿ ಪ್ಲಮ್ ಕಾಯಿ ಇಟ್ಟ ಅನ್ನದ ಉಂಡೆ, ಬಾಳೆಹಣ್ಣು, ನಮ್ಮ ಶೇಂಗಾ ಚಟ್ನಿ ಪುಡಿ, ಇದರ ಮೇಲೇ ದಿನ ಹೋಗುತ್ತವೆ.

ಮೊದಲು ಮಾತ್ಸುಮೋಟೊ. ಟೋಕಿಯೋದ ಶಿಂಜುಕು ಸ್ಟೇಷನ್ನಿನಿಂದ ರೈಲಿನಲ್ಲಿ ಎರಡೂವರೆ ತಾಸು. ಎಲ್ಲರೂ ಕೋಟೆ ನೋಡಿ ವಾಪಸ್ ಆಗುತ್ತಾರೆ, ಅಲ್ಲಿಂದ ಸ್ವಲ್ಪ ನಡೆದರೆ 1876ರಲ್ಲಿ ಕಟ್ಟಿದ ಕಾಯಿಚಿ ಶಾಲೆ ಇದೆ. ಖರ್ಚಿನ ದೊಡ್ಡ ಪಾಲು ಊರಿನವರ ದೇಣಿಗೆ. ಕಟ್ಟಿದವರು ತಾತೆಯಿಶಿ ಸೇಜು ಎಂಬ ಊರ ಬಡಿಗ. ಟೋಕಿಯೋಗೆ ಹೋಗಿ ವಿದೇಶಿ ಮಾದರಿಯ ಕಟ್ಟಡಗಳನ್ನು ನೋಡಿ, ಗೀಚಿಕೊಂಡು ಬಂದು, ತಮಗೆ ಗೊತ್ತಿದ್ದ ಮರಗೆಲಸದಲ್ಲೇ ಅದನ್ನು ಎಬ್ಬಿಸಿದ್ದಾರೆ. ದೂರದಿಂದ ಮೂಲೆಗಳಲ್ಲಿ ಕಲ್ಲು ಕಾಣುತ್ತದೆ, ಹತ್ತಿರ ಹೋದರೆ ಅದು ಗಾರೆ! ಬಾಗಿಲ ಮೇಲೆ ಎರಡು ಗುಂಡು ದೇವದೂತರು ಶಾಲೆಯ ಹೆಸರಿನ ಪಟ್ಟಿ ಹಿಡಿದಿದ್ದಾರೆ, ಕೆಳಗೆ ಡ್ರ್ಯಾಗನ್. ದೇವದೂತರ ಚಿತ್ರ ಬಂದದ್ದು ಆ ಕಾಲದ ಒಂದು ಪತ್ರಿಕೆಯಿಂದ. 2019ರಲ್ಲಿ ಇದು ಅವರ ರಾಷ್ಟ್ರೀಯ ಸಂಪತ್ತು ಅಂತ ಘೋಷಣೆಯಾಯಿತು.

ನಾನು ಜಾಸ್ತಿ ಹೊತ್ತು ನಿಂತದ್ದು ಮಾತ್ರ ಬೇರೆ ಕಡೆ. ಬೇರೆಯವರ ಮನೆಯ ಕೂಸು ಬೆನ್ನಿಗೆ ಕಟ್ಟಿಕೊಂಡು ದುಡಿಯುತ್ತಿದ್ದ ಹುಡುಗಿಯರಿಗಾಗಿ ಈ ಕಾಯಿಚಿ ಶಾಲೆಯಲ್ಲೇ ಒಂದು ಪ್ರತ್ಯೇಕ ತರಗತಿ ನಡೆದಿತ್ತು. ಕೂಸಿನ ಜೊತೆಗೇ ಬಾ, ಕಲಿ ಅಂತ. ಕಬ್ಬು ಕಡಿಯುವ ಹಂಗಾಮಿನಲ್ಲಿ ನನ್ನ ಹಾಜರಿ ಪುಸ್ತಕ ತೆಗೆದರೆ ಯಾವ ಹುಡುಗಿ ಯಾಕೆ ಗೈರು ಅಂತ ನಾನು ಕಣ್ಣು ಮುಚ್ಚಿ ಹೇಳಬಲ್ಲೆ, ಮನೆಯಲ್ಲಿ ಸಣ್ಣ ತಮ್ಮ ಇರುತ್ತಾನೆ. ಇಡೀ ಪ್ರವಾಸದಲ್ಲಿ ನನಗೆ ಹೊಟ್ಟೆಕಿಚ್ಚಾದದ್ದು ಬುಲೆಟ್ ಟ್ರೇನ್ ನೋಡಿ ಅಲ್ಲ, ಈ ತರಗತಿಯ ಬಗ್ಗೆ ತಿಳಿದು.

ಕ್ಯೋಟೋದಲ್ಲಿ ದೇವಸ್ಥಾನಗಳಿಗೆ ಕೈಮುಗಿದು ಶಾಲಾ ಇತಿಹಾಸದ ಮ್ಯೂಸಿಯಂ ಹುಡುಕಿದೆ, ಅದೂ ಹಳೇ ಶಾಲೆಯಲ್ಲೇ ಇದೆ. ರಾಜಧಾನಿ ಟೋಕಿಯೋಗೆ ಹೋದಾಗ ಊರು ಹಾಳಾಗುತ್ತದೆ ಅಂತ ಜನ ಹೆದರಿದ್ದರು. 1869ರಲ್ಲಿ ಪೇಟೆಯವರೇ ಸೇರಿ 64 ಶಾಲೆ ತೆರೆದರು, ಸರ್ಕಾರದ ಶಿಕ್ಷಣ ಆದೇಶ ಬರುವ ಮೂರು ವರ್ಷ ಮೊದಲು. ದುಡ್ಡು ಎತ್ತಿದ್ದು ಒಲೆಯ ಲೆಕ್ಕದಲ್ಲಿ. ಮನೆಯಲ್ಲಿ ಮಕ್ಕಳಿರಲಿ ಬಿಡಲಿ, ಒಲೆ ಉರಿಯುವ ಮನೆ ಪಟ್ಟಿ ಕೊಡಬೇಕು. ಪೇಟೆಯ ಸಭೆಯೂ ಶಾಲೆಯಲ್ಲೇ, ಬೆಂಕಿ ಬಿದ್ದರೆ ನೋಡುವ ಗೋಪುರವೂ ಶಾಲೆಯ ಮೇಲೇ. ನಮ್ಮ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಕೋರಂ ಸೇರಿಸಲು ಪಡುವ ಪಾಡು ನೆನಪಾಯಿತು, ಬಿಡಿ.

ಹಿರೋಶಿಮಾದಲ್ಲಿ ಶಾಂತಿ ಉದ್ಯಾನಕ್ಕೆ ಎಲ್ಲರೂ ಹೋಗುತ್ತಾರೆ, ಹೋಗಲೇಬೇಕು. ಅಲ್ಲಿಂದ ನಡೆದು ಫುಕುರೊಮಾಚಿ ಶಾಲೆಯ ಮ್ಯೂಸಿಯಂಗೂ ಹೋಗಿ. ಬಾಂಬು ಸಿಡಿದ ಜಾಗದಿಂದ ಅರ್ಧ ಕಿಲೋಮೀಟರ್ ಒಳಗೇ ಇದೆ. ಕಾಂಕ್ರೀಟಿನ ಒಂದು ಕಟ್ಟಡ ಉಳಿದು ಗಾಯಾಳುಗಳ ಆಸರೆಯಾಯಿತು. ಒಳಗೋಡೆಗಳು ಮಸಿಯಿಂದ ಕರ್ರಗಾಗಿದ್ದವು. ಜನ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದರು: ಇಂಥವರು ಎಲ್ಲಿದ್ದಾರೆ, ಇಂಥ ವಿದ್ಯಾರ್ಥಿಯನ್ನು ಎಲ್ಲಿಗೆ ಕರೆದೊಯ್ದಿದ್ದಾರೆ. ಮೇಷ್ಟ್ರುಗಳೂ ಬರೆದರು. ಆಮೇಲೆ ಗೋಡೆ ಸ್ವಚ್ಛ ಮಾಡಿ ಮೇಲೆ ಗಾರೆ ಹೊಡೆದು ಮತ್ತೆ ಶಾಲೆ ನಡೆಸಿದರು. 1999ರಲ್ಲಿ ಕಟ್ಟಡದ ಕೆಲಸಕ್ಕೆ ಗಾರೆ ಕಿತ್ತಾಗ ಅಕ್ಷರಗಳು ಮತ್ತೆ ಕಂಡವು, ಆದರೆ ಕಪ್ಪಗೆ. ಗೋಡೆ ಒರೆಸುವಾಗ ಬೇರೆ ಮಸಿ ಹೋಗಿ, ಸುಣ್ಣದ ಅಡಿಯದು ಮಾತ್ರ ಉಳಿದಿತ್ತು. ಪ್ರವೇಶ ಉಚಿತ. ದಿನವೂ ಸೀಮೆಸುಣ್ಣ ಹಿಡಿಯುವವನಿಗೆ ಆ ಗೋಡೆಯ ಮುಂದೆ ಮಾತು ಬರುವುದಿಲ್ಲ.

ಕೊನೆಗೆ ಸೆಂಡಾಯ್, ಆ ಭೂಕಂಪದ ಪ್ರಶ್ನೆಗಾಗಿ. ಮೆಟ್ರೋದಲ್ಲಿ ಅರಾಯ್ ಸ್ಟೇಷನ್, ಅಲ್ಲಿಂದ ಬಸ್ಸಿನಲ್ಲಿ ಅರಾಹಾಮಾ ಶಾಲೆ. ಸಮುದ್ರ ಸುಮಾರು 700 ಮೀಟರ್ ದೂರ. 2011ರ ಮಾರ್ಚ್ 11ರಂದು ಮಧ್ಯಾಹ್ನ 2.46ಕ್ಕೆ ನೆಲ ಅಲುಗಿತು. ಒಂದು ತಾಸಿನ ಮೇಲೆ ಸುನಾಮಿ ಬಂದು ಎರಡನೇ ಮಹಡಿಯವರೆಗೆ (ಅಲ್ಲಿ ನೆಲಮಹಡಿಯೇ ಒಂದನೆಯದು) ನೀರು ಏರಿತು. ಮಕ್ಕಳು, ಶಿಕ್ಷಕರು, ಊರವರು ಸೇರಿ 320 ಜನ ಮೇಲೇರಿ ಬದುಕಿದರು, ಹೆಲಿಕಾಪ್ಟರಿನಲ್ಲಿ ಕರೆದೊಯ್ದರು. ನೆಲಮಹಡಿಯ ತರಗತಿಗಳ ಸೀಲಿಂಗ್ ಇವತ್ತಿಗೂ ಹರಿದು ತೂಗುತ್ತಿದೆ. ಸುತ್ತಲಿನ ಊರು ಮಾತ್ರ ಇಲ್ಲ.

ಅವರು ಉಳಿದದ್ದಕ್ಕೆ ಅದೃಷ್ಟದ ಜೊತೆ ಇನ್ನೊಂದು ಕಾರಣವಿದೆ. ಹಿಂದಿನ ವರ್ಷ ಚಿಲಿಯ ಭೂಕಂಪದಿಂದ ಸುನಾಮಿ ಎಚ್ಚರಿಕೆ ಬಂದಿತ್ತು. ಆಮೇಲೆ ಶಾಲೆಯವರು ಕೂತು, ಜಿಮ್ನೇಶಿಯಂ ಬೇಡ, ಮೇಲಿನ ಮಹಡಿಗೇ ಹೋಗೋಣ ಅಂತ ತೀರ್ಮಾನಿಸಿ ಕಂಬಳಿಯಂಥ ಸಾಮಾನುಗಳನ್ನು ಮೊದಲೇ ಮೂರನೇ ಮಹಡಿಗೆ ಸಾಗಿಸಿದ್ದರು. ಅದೇ ದಿನ ಇಶಿನೊಮಾಕಿಯ ಒಕಾವಾ ಶಾಲೆಯಲ್ಲಿ ಹಿಂದೆಯೇ ಗುಡ್ಡವಿದ್ದರೂ ಅಂಗಳದಲ್ಲಿ ಸುಮಾರು 50 ನಿಮಿಷ ಕಳೆದುಹೋಗಿ, 74 ಮಕ್ಕಳು, 10 ಸಿಬ್ಬಂದಿ ಸುನಾಮಿಗೆ ಸಿಕ್ಕಿ ತೀರಿಹೋದರು. ನಾನು ಅಲ್ಲಿಗೆ ಹೋಗಲಿಲ್ಲ. ಮನಸ್ಸಾಗಲಿಲ್ಲ.

2019ರ ಆಗಸ್ಟಿನಲ್ಲಿ ಕೃಷ್ಣೆ ನಮ್ಮ ಶಾಲೆಯೊಳಗೆ ಬಂದಾಗ ಹಳೇ ದಾಖಲಾತಿ ರಿಜಿಸ್ಟರ್‌ಗಳು ನೆನೆದು ಮುದ್ದೆಯಾಗಿದ್ದವು. ಹುಟ್ಟಿದ ತಾರೀಖು ಬೇಕು ಅಂತ ಜನ ಇವತ್ತಿಗೂ ಬರುತ್ತಾರೆ. ನಮಗೆ ಮೂರನೇ ಮಹಡಿ ಎಲ್ಲಿಂದ ಬರಬೇಕು? ಊರಿಗೆ ಬಂದವನೇ ಎಸ್‌ಡಿಎಂಸಿ ಸಭೆಯಲ್ಲಿ ಅರಾಹಾಮಾದ ಫೋಟೋ ತೋರಿಸಿದೆ. ಎತ್ತರದಲ್ಲಿರುವ ಸಮುದಾಯ ಭವನದ ಒಂದು ಕೋಣೆ ಕೇಳಿದೆವು, ಕೊಟ್ಟರು. ಜೂನ್ ಮುಗಿಯುವುದರೊಳಗೆ ರಿಜಿಸ್ಟರು, ಪುಸ್ತಕದ ಪೆಟ್ಟಿಗೆ, ಹೆಚ್ಚುವರಿ ಅಕ್ಕಿ ಚೀಲ ಅಲ್ಲಿಗೆ ಹೋಗಬೇಕು. ಕೀಲಿ ಯಾರ ಹತ್ತಿರ ಅನ್ನುವುದಕ್ಕೆ ಮಾತ್ರ ದೊಡ್ಡ ಜಗಳವಾಯಿತು. ಕೊನೆಗೆ ಎರಡು ಮಾಡಿಸಿದೆವು. ಒಂದು ಹೆಡ್ ಮಾಸ್ತರ ಹತ್ತಿರ, ಇನ್ನೊಂದು ಅಡುಗೆ ಮಾಡುವ ಅಕ್ಕನ ಹತ್ತಿರ. ಎಲ್ಲರಿಗಿಂತ ಮೊದಲು ಶಾಲೆಗೆ ಬರುವವರು ಅವರೇ ಅಲ್ವಾ.