ಗಿಟ್‌ನಲ್ಲಿ ಕ್ಲೋನ್ ಮಾಡಿದ ಫೈಲಿಗೆ ಹಳೇ ತಾರೀಖು ತರುವುದು ಹೇಗೆ?

ಹೊಸ ಲ್ಯಾಪ್‌ಟಾಪ್‌ನಲ್ಲಿ ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಸಾಧನ) ಬಳಸಿ ಹಳೇ ಪ್ರಾಜೆಕ್ಟ್ ಕ್ಲೋನ್ ಮಾಡಿ, ಅಂದರೆ ಅದರ ನಕಲು ಇಳಿಸಿಕೊಂಡು, ಫೋಲ್ಡರ್ ತೆರೆದು ನೋಡಿ. ಮೂರು ವರ್ಷದಿಂದ ಯಾರೂ ಮುಟ್ಟದ ಫೈಲಿಗೂ ಇವತ್ತು ಬೆಳಿಗ್ಗೆ 10:42 ಅಂತಲೇ ಇರುತ್ತದೆ. ನನ್ನ ಪುಟ್ಟ ವೆಬ್‌ಸೈಟ್‌ನಲ್ಲಿ ಹೀಗೇ ಆಗಿ, ಗಾತ್ರ, ತಾರೀಖು ನೋಡಿ ಬದಲಾದ ಫೈಲನ್ನಷ್ಟೇ ನಕಲಿಸುವ ಆರ್‌ಸಿಂಕ್ ಒಂದೂ ಬಿಡದೆ ಎಲ್ಲ ಫೈಲನ್ನೂ ಮತ್ತೆ ತಡಕಾಡುತ್ತ ಕೂತಿತ್ತು.

ಇದು ಗಿಟ್‌ನ ಮರೆವಲ್ಲ, ಬೇಕಂತಲೇ ಮಾಡಿದ್ದು. ಗಿಟ್ ಇಟ್ಟುಕೊಳ್ಳುವುದು ಫೈಲಿನ ಒಳಗಿರುವುದನ್ನು, ಹೆಸರನ್ನು, ಓಡಿಸಬಹುದೋ ಇಲ್ಲವೋ ಎಂಬ ಗುರುತನ್ನು. ತಾರೀಖು ಸಿಗುವುದು ಕಮಿಟ್‌ಗೆ (ಒಂದು ಸಲಕ್ಕೆ ದಾಖಲಿಸಿದ ಬದಲಾವಣೆಗೆ) ಮಾತ್ರ. ಕಾರಣ 'ಮೇಕ್', ಸೋರ್ಸ್ ಕೋಡಿನಿಂದ ಪ್ರೋಗ್ರಾಂ ಕಟ್ಟಿಕೊಡುವ ಸಾಧನ. ಸೋರ್ಸ್ ಫೈಲು ಆಬ್ಜೆಕ್ಟ್ ಫೈಲಿಗಿಂತ (ಕಂಪೈಲ್ ಆಗಿ ಬಂದ ಫೈಲಿಗಿಂತ) ಹೊಸದಾಗಿದ್ದರೆ ಮಾತ್ರ ಅದು ಮತ್ತೆ ಕಂಪೈಲ್ ಮಾಡುತ್ತದೆ. ನೀವು ಹಳೇ ಬ್ರಾಂಚ್‌ಗೆ (ಕೋಡಿನ ಬೇರೊಂದು ಕವಲಿಗೆ) ಹೋದಾಗ ಗಿಟ್ ಹಳೇ ತಾರೀಖನ್ನೇ ಹಾಕಿದರೆ, ಮೇಕ್ 'ಏನೂ ಬದಲಾಗಿಲ್ಲ' ಅಂದುಕೊಂಡು ಸುಮ್ನೆ ಕೂರುತ್ತದೆ. ಆಮೇಲೆ ತಲೆ ಕೆಡಿಸಿಕೊಳ್ಳುವವರು ನಾವು, ಅಲ್ವಾ?

ಹಾಗಾಗಿ ಮೊದಲ ಹೆಜ್ಜೆ: ತಾರೀಖು ನಿಜಕ್ಕೂ ಬೇಕಾ ಅಂತ ಕೇಳಿಕೊಳ್ಳಿ. ಆರ್‌ಸಿಂಕ್ ಒಂದೇ ತೊಂದರೆಯಾದರೆ ತಾರೀಖಿನ ಬದಲು ಫೈಲಿನ ಒಳಗಿರುವುದನ್ನೇ ಹೋಲಿಸುವ ಅದರ 'ಚೆಕ್‌ಸಮ್' ಆಯ್ಕೆ ಸಾಕು. ಸ್ವಲ್ಪ ನಿಧಾನ, ಆದರೆ ತಾರೀಖಿನ ಗೊಡವೆಯಿಲ್ಲ. ಮೇಕ್ ಓಡಿಸುವ ಫೋಲ್ಡರ್‌ನಲ್ಲಂತೂ ಮುಂದಿನದನ್ನು ಮಾಡಲೇಬೇಡಿ.

ಬೇಕೇ ಬೇಕು ಅಂದರೆ, ಪೂರ್ತಿ ಹಿಸ್ಟರಿ ತನ್ನಿ. ಜಾಸ್ತಿ ಜನ ಎಡವುವುದು ಇಲ್ಲೇ. ಡೆಪ್ತ್ 1 (ಕೊನೇ ಒಂದು ಕಮಿಟ್ ಸಾಕು ಅಂತ) ಕೊಟ್ಟು ಕ್ಲೋನ್ ಮಾಡಿದ್ದರೆ ಗಿಟ್ ಕಣ್ಣಿಗೆ ಕಾಣುವುದು ಒಂದೇ ಕಮಿಟ್. ಎಲ್ಲ ಫೈಲಿಗೂ ಅದರದೇ ತಾರೀಖು ಅಂಟುತ್ತದೆ. ಗಿಟ್‌ಹಬ್ ಆಕ್ಷನ್ಸ್‌ (ಗಿಟ್‌ಹಬ್‌ನ ಸರ್ವರ್‌ನಲ್ಲಿ ಕೆಲಸ ಓಡಿಸುವ ಸೇವೆ) ಕೋಡ್ ಇಳಿಸಿಕೊಳ್ಳುವ ಚೆಕ್‌ಔಟ್ ಹೆಜ್ಜೆ ತಾನಾಗಿಯೇ ಹೀಗೆ ಮಾಡುತ್ತದೆ, ಅಲ್ಲಿ ಫೆಚ್ ಡೆಪ್ತ್ 0 ಕೊಡಿ. ನಿಮ್ಮ ಮಷಿನ್‌ನಲ್ಲಾದರೆ ಫೆಚ್ ಜೊತೆ 'ಅನ್‌ಶಾಲೋ' ಹಾಕಿ.

ಈಗ ಒಂದೊಂದು ಫೈಲಿಗೂ ಗಿಟ್ ಲಾಗ್‌ನಲ್ಲಿ (ಕಮಿಟ್‌ಗಳ ಪಟ್ಟಿಯಲ್ಲಿ) ಕೊನೇ ಕಮಿಟ್‌ನ ಸಮಯ ಕೇಳಿ, ಅದನ್ನು ಫೈಲಿನ ತಾರೀಖು ಬದಲಿಸುವ 'ಟಚ್' ಕಮಾಂಡಿಗೆ ಕೊಡಿ. ನಾಲ್ಕು ಸಾಲಿನ ಲೂಪ್ ಸಾಕು. ಫೈಲು ಸಾವಿರಾರು ಇದ್ದರೆ ಲಾಗ್ ಸಾವಿರಾರು ಸಲ ಓಡಬೇಕು, ಟೀ ಕುಡಿದು ಬರಬಹುದು. ಅಂಥ ಕಡೆ 'ಗಿಟ್ ರಿಸ್ಟೋರ್ ಎಂಟೈಮ್' ಎಂಬ ಉಚಿತ ಸ್ಕ್ರಿಪ್ಟ್ ಒಳ್ಳೆಯದು, ಅದು ಹಿಸ್ಟರಿಯನ್ನು ಒಂದೇ ಸಲ ಓದುತ್ತದೆ. ಇನ್ನೂ ಕಮಿಟ್ ಮಾಡದ ಫೈಲನ್ನು ಮಾತ್ರ ಮುಟ್ಟಬೇಡಿ.

ಗಿಟ್‌ನಂಥದ್ದೇ ಇನ್ನೊಂದು ಸಾಧನವಾದ ಸಬ್‌ವರ್ಷನ್ ಬಳಸುವವರಿಗೆ ಇಷ್ಟು ಪಾಡಿಲ್ಲ. ಕಾನ್ಫಿಗ್ ಫೈಲಿನಲ್ಲಿ 'ಯೂಸ್ ಕಮಿಟ್ ಟೈಮ್ಸ್' ಎದುರು 'ಯೆಸ್' ಬರೆದರೆ ಆಯಿತು.

ಕೊನೆಗೆ, ಏನೇನು ಬದಲಾಗಿದೆ ಅಂತ ತೋರಿಸುವ 'ಗಿಟ್ ಸ್ಟೇಟಸ್' ನೋಡಿ. ತಾರೀಖು ಬದಲಾದ್ದಕ್ಕೆ ಅದು ಫೈಲನ್ನು ಮತ್ತೆ ಓದುತ್ತದೆ. ಒಳಗೆ ಏನೂ ಬದಲಾಗಿಲ್ಲವಾದ್ದರಿಂದ ತಕರಾರು ತೆಗೆಯುವುದಿಲ್ಲ.