ಸಣ್ಣ ವರ್ಕ್‌ಶಾಪಿಗೆ ಇಆರ್‌ಪಿ ಹಾಕುವುದು ಹೇಗೆ: ಕೆಲಸ ಶುರುವಾಗುವುದು ಸ್ಟೋರಿನಿಂದ

ಇಆರ್‌ಪಿ ಅಂದರೆ ಸ್ಟಾಕ್, ಪರ್ಚೇಸ್, ಬಿಲ್ಲು, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್. ಅದನ್ನು ಮಾರುವವರು ಡೆಮೋ ತೋರಿಸುವಾಗ ಎಲ್ಲವೂ ಸಲೀಸಾಗಿ ಕಾಣುತ್ತದೆ. ಅದರಲ್ಲಿ ಇರುವುದೇ ಹತ್ತು ಐಟಂ, ಯಾವುದಕ್ಕೂ ಎರಡು ಹೆಸರಿಲ್ಲ, ಪ್ಲೇಟಿಂಗ್‌ಗೆ (ಲೋಹದ ಲೇಪನಕ್ಕೆ) ಹೋದ ಮಾಲು ಹೋದಷ್ಟೇ ವಾಪಸ್ ಬರುತ್ತದೆ. ನಿಮ್ಮ ಶಾಪಿನಲ್ಲಿ ಹಾಗೆ ನಡೆಯುತ್ತದಾ? ಹಾಗಾಗಿ ಡೆಮೋ ಆಮೇಲೆ ನೋಡಿ. ಪೀಣ್ಯದ ಕಡೆಯ ಒಂದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಶೀನಿನ) ಶಾಪ್ ಅಂದುಕೊಳ್ಳೋಣ: ಲೆಕ್ಕ ಟ್ಯಾಲಿಯಲ್ಲಿ, ಸ್ಟಾಕ್ ಎಕ್ಸೆಲ್‌ನಲ್ಲಿ, ನಿಜವಾದ ಸ್ಟಾಕ್ ಸ್ಟೋರ್ ನೋಡಿಕೊಳ್ಳುವವರ ತಲೆಯಲ್ಲಿ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ ಐಟಂ ಪಟ್ಟಿ. ಹಳೇ ಪಟ್ಟಿ ತೆಗೆದು ನೋಡಿ. ಒಂದೇ ಸ್ಟೀಲ್ ಬಾರ್ (ಇಎನ್ 8 ಅನ್ನುವುದು ಸ್ಟೀಲಿನ ಗ್ರೇಡ್) 'ಇಎನ್ 8 ರೌಂಡ್ 25' ಅಂತ ಒಂದು ಕಡೆ, '25 ಎಂಎಂ ಬಾರ್ ಇಎನ್ 8' ಅಂತ ಇನ್ನೊಂದು ಕಡೆ, ಬರೀ '25 ರೌಂಡ್' ಅಂತ ಮತ್ತೊಂದು ಕಡೆ ಇರುತ್ತದೆ. ಇದನ್ನು ಹಾಗೇ ಹೊಸ ಸಾಫ್ಟ್‌ವೇರಿಗೆ ತುಂಬಿದರೆ ಒಂದೇ ಬಾರ್‌ಗೆ ಮೂರು ಸ್ಟಾಕ್, ಮೂರೂ ತಪ್ಪು. ಕೂತು ಒಂದು ಮಾಡಿ, ಜಿಎಸ್‌ಟಿಗೆ ಬೇಕಾದ ಎಚ್‌ಎಸ್‌ಎನ್ ಕೋಡನ್ನೂ ಆಗಲೇ ಹಾಕಿಬಿಡಿ. ಐಟಂ ಕೋಡ್ ಚಿಕ್ಕದಾಗಿರಲಿ. ಗ್ರೇಡ್, ಸೈಜ್, ಪಾರ್ಟಿ ಹೆಸರು, ರ್ಯಾಕ್ ನಂಬರ್ ಎಲ್ಲವನ್ನೂ ಕೋಡ್ ಒಳಗೇ ಸೇರಿಸಲು ಹೋಗಬೇಡಿ, ನಾಳೆ ರ್ಯಾಕ್ ಬದಲಾದರೆ ಕೋಡೇ ಸುಳ್ಳಾಗುತ್ತದೆ. ಶಾಪಿನಲ್ಲಿ ಹುಡುಗರು ಅದನ್ನು ಏನಂತ ಕರೆಯುತ್ತಾರೋ ಆ ಹೆಸರನ್ನು ವಿವರಣೆಯಲ್ಲಿ ಕನ್ನಡದಲ್ಲೇ ಬರೆದಿಡಿ. ಹುಡುಕುವಾಗ ಬೇಗ ಸಿಗುತ್ತದೆ.

ಇನ್ನು ಅಳತೆ. ಜಾಸ್ತಿ ಜನ ಎಡವುವುದು ಇಲ್ಲೇ. ಬಾರ್ ಕೊಳ್ಳುವುದು ಕೆಜಿ ಲೆಕ್ಕದಲ್ಲಿ, ಕತ್ತರಿಸುವುದು ಎಂಎಂ ಲೆಕ್ಕದಲ್ಲಿ, ಮಾರುವುದು ಪೀಸ್ ಲೆಕ್ಕದಲ್ಲಿ. ಸ್ಟಾಕ್ ಯಾವುದರಲ್ಲಿ ಇಡಬೇಕು ಅನ್ನುವುದನ್ನು ಮೊದಲೇ ತೀರ್ಮಾನಿಸಿ, ಯಾಕಂದರೆ ಇಆರ್‌ಪಿ ನೆಕ್ಸ್ಟ್‌ನಂಥ ಸಾಫ್ಟ್‌ವೇರಿನಲ್ಲಿ ಒಮ್ಮೆ ಎಂಟ್ರಿ ಬಿದ್ದ ಮೇಲೆ ಐಟಂನ ಮೂಲ ಅಳತೆಯನ್ನು ಸುಮ್ನೆ ಬದಲಾಯಿಸಲು ಬಿಡುವುದಿಲ್ಲ. ಬಾರ್ ಆದರೆ ಕೆಜಿಯಲ್ಲೇ ಇಡಿ ಅಂತ ನನ್ನ ಸಲಹೆ. ಬಿಲ್ಲೂ ಕೆಜಿಯಲ್ಲೇ ಬರುತ್ತದೆ, ಸ್ಕ್ರ್ಯಾಪೂ ಕೆಜಿಯಲ್ಲೇ ಹೋಗುತ್ತದೆ. ಉದ್ದದಿಂದ ತೂಕಕ್ಕೆ ಬರಲು ಶಾಪಿನ ಹಳೇ ಲೆಕ್ಕ ಇದ್ದೇ ಇದೆ ಅಲ್ವಾ, ಡಯಾ (ಎಂಎಂನಲ್ಲಿ ವ್ಯಾಸ) ಗುಣಿಸು ಡಯಾ ಭಾಗಿಸು 162. ಅಂದರೆ 25 ಎಂಎಂ ಸ್ಟೀಲ್ ರೌಂಡ್ ಮೀಟರಿಗೆ ಸುಮಾರು 3.86 ಕೆಜಿ. ಒಂದು ಪೀಸ್‌ಗೆ ಎಷ್ಟು ಕೆಜಿ ಬೇಕು ಅಂತ ಬಿಒಎಂನಲ್ಲಿ (ಅದನ್ನು ಮಾಡಲು ಬೇಕಾದ ಸಾಮಾನಿನ ಪಟ್ಟಿಯಲ್ಲಿ) ಬರೆಯುವಾಗ ಕಟಿಂಗ್‌ಗೆ ಹೋಗುವುದನ್ನೂ ಕೊನೆಯಲ್ಲಿ ಉಳಿಯುವ ತುಂಡನ್ನೂ ಸೇರಿಸಿ. ಡ್ರಾಯಿಂಗ್ ನೋಡಿ ಬರೆದರೆ ಸಾಲದು, ತಕ್ಕಡಿ ಮೇಲಿಟ್ಟು ನೋಡಿ.

ಜಾಬ್ ವರ್ಕ್ ಎರಡು ಥರ. ಎರಡನ್ನೂ ಬೇರೆ ಬೇರೆ ಇಡಬೇಕು.

ಒಂದು, ಕಸ್ಟಮರ್ ಮಾಲು ಕೊಟ್ಟು ನೀವು ಬರೀ ಮಶೀನಿಂಗ್ ಮಾಡಿ ಕೊಡುವುದು. ಆ ಮಾಲು ನಿಮ್ಮದಲ್ಲ. ಅದಕ್ಕೆ ಸಾಫ್ಟ್‌ವೇರಿನಲ್ಲಿ ಬೇರೆಯೇ ಗೋಡೌನ್ ತೆರೆಯಿರಿ, ರೇಟು ಸೊನ್ನೆ ಇರಲಿ, ನಿಮ್ಮ ಸ್ಟಾಕ್ ಬೆಲೆಯಲ್ಲಿ ಒಂದು ರೂಪಾಯಿಯೂ ಸೇರಬಾರದು. ಇಲ್ಲದಿದ್ದರೆ ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ಇನ್ನೊಬ್ಬರ ಕಬ್ಬಿಣ ನಿಮ್ಮದಾಗಿ ಕೂರುತ್ತದೆ.

ಇನ್ನೊಂದು, ನೀವೇ ಪ್ಲೇಟಿಂಗ್‌ಗೋ ಹೀಟ್ ಟ್ರೀಟ್‌ಮೆಂಟ್‌ಗೋ ಹೊರಗೆ ಕಳಿಸುವುದು. ಅಲ್ಲಿ ಪ್ರತಿ ಪ್ಲೇಟಿಂಗ್‌ನವರ ಹೆಸರಲ್ಲೂ ಒಂದೊಂದು ಗೋಡೌನ್ ಮಾಡಿ, ಡಿಸಿ (ಮಾಲಿನ ಜೊತೆ ಹೋಗುವ ಡೆಲಿವರಿ ಚಲನ್) ಹಾಕಿದ ಕೂಡಲೇ ಮಾಲು ಅಲ್ಲಿಗೆ ಹೋಗಿ, ವಾಪಸ್ ಬಂದಾಗ ಆ ಡಿಸಿ ನಂಬರಿನ ಮೇಲೇ ಇಳಿಯುವಂತೆ ಕೂರಿಸಿ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 143ರ ಪ್ರಕಾರ ಹೀಗೆ ಕಳಿಸಿದ ಮಾಲು 1 ವರ್ಷದೊಳಗೆ ವಾಪಸ್ ಬರಬೇಕು, ಅಥವಾ ಅಲ್ಲಿಂದಲೇ ಮಾರಾಟವಾಗಬೇಕು. ಎರಡೂ ಆಗದಿದ್ದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕ, ಟ್ಯಾಕ್ಸ್ ಕಟ್ಟಬೇಕು. ಜಾಬ್ ವರ್ಕ್‌ಗೆ ಕಳಿಸಿದ ಮಾಲಿನ ಲೆಕ್ಕ ಕೊಡುವ ಐಟಿಸಿ-04 ಫಾರಂ ತುಂಬುವಾಗ ಆಡಿಟರ್ ಕೇಳುವುದು ಇದೇ ಡಿಸಿ ಪಟ್ಟಿಯನ್ನು. 500 ಪೀಸ್ ಹೋಗಿ 492 ಬಂದರೆ ಉಳಿದ 8 ಯಾರ ತಲೆಗೆ? ಇದನ್ನು ಪ್ಲೇಟಿಂಗ್‌ನವರ ಜೊತೆ ಮೊದಲೇ ಮಾತಾಡಿಕೊಳ್ಳಿ, ಸಾಫ್ಟ್‌ವೇರ್ ಉತ್ತರ ಕೊಡುವುದಿಲ್ಲ.

ಶುರು ಯಾವಾಗ? ಎಲ್ಲರೂ ಏಪ್ರಿಲ್ 1 ಅನ್ನುತ್ತಾರೆ. ಲೆಕ್ಕಪತ್ರಕ್ಕೆ ಅದು ಸರಿ. ಆದರೆ ಮಾರ್ಚ್ ಕೊನೆಯಲ್ಲಿ ಡಿಸ್ಪ್ಯಾಚ್ ಗಲಾಟೆ, ಅಕೌಂಟ್ಸ್‌ನವರಿಗೆ ಉಸಿರಾಡಲೂ ಪುರುಸೊತ್ತಿಲ್ಲ, ಅದರ ನಡುವೆ ಸ್ಟಾಕ್ ಎಣಿಸಿ ಅಂದರೆ ಯಾರೂ ಸರಿಯಾಗಿ ಎಣಿಸುವುದಿಲ್ಲ. ಆಯುಧ ಪೂಜೆಗೆ ಹೇಗೂ ಮಶೀನ್ ನಿಲ್ಲಿಸಿ, ಎಲ್ಲ ಹೊರಗೆ ತೆಗೆದು, ಶಾಪ್ ತೊಳೆಯುತ್ತೇವೆ. ಆಗಲೇ ಎಣಿಸಿ, ತೂಗಿ. ಸ್ಟೋರ್, ಪರ್ಚೇಸ್, ಜಾಬ್ ವರ್ಕ್ ಇಷ್ಟನ್ನು ಅಲ್ಲಿಂದ ಇಆರ್‌ಪಿಯಲ್ಲಿ ನಡೆಸಿ. ಬಿಲ್ಲಿಂಗ್ ಮತ್ತು ಲೆಕ್ಕ ಏಪ್ರಿಲ್‌ವರೆಗೆ ಟ್ಯಾಲಿಯಲ್ಲೇ ಇರಲಿ. ಒಂದೇ ಬಿಲ್ಲನ್ನು ಎರಡು ಕಡೆ ಮಾತ್ರ ಹಾಕಬೇಡಿ, ತಿಂಗಳ ಕೊನೆಗೆ ಯಾವುದು ಸರಿ ಅಂತ ಹುಡುಕುವುದೇ ಒಂದು ಕೆಲಸವಾಗುತ್ತದೆ.

ಎಂಟ್ರಿಯನ್ನು ಸ್ಟೋರಿನವರೇ ಹಾಕಬೇಕು, ಸಂಜೆ ಆಫೀಸಿನಲ್ಲಿ ಕೂತ ಅಕೌಂಟೆಂಟ್ ಅಲ್ಲ. ಇನ್‌ವರ್ಡ್ (ಒಳಬಂದ ಮಾಲು), ಇಶ್ಯೂ (ಮಶೀನಿಗೆ ಕೊಟ್ಟ ಮಾಲು), ಡಿಸಿ, ಈ ಮೂರು ಸ್ಕ್ರೀನ್ ಬಿಟ್ಟು ಉಳಿದದ್ದನ್ನು ಅವರಿಗೆ ಕಾಣದಂತೆ ಮಾಡಿ. ಇನ್‌ವರ್ಡ್ ಹಾಕುವ ಮೊದಲೇ ಮಾಲು ಮಶೀನಿಗೆ ಹೋದರೆ 'ಸ್ಟಾಕ್ ಇಲ್ಲ' ಅಂತ ಸಾಫ್ಟ್‌ವೇರ್ ತಡೆಯುತ್ತದೆ. ಆಗ ಎಲ್ಲರೂ ನೆಗೆಟಿವ್ ಸ್ಟಾಕ್‌ಗೆ (ಸೊನ್ನೆಗಿಂತ ಕೆಳಗೆ ಇಳಿಯಲು) ಬಿಡಿ ಅಂತ ಪೀಡಿಸುತ್ತಾರೆ. ಬಿಡಬೇಡಿ. ಒಮ್ಮೆ ಬಿಟ್ಟರೆ ರೇಟೂ ಕೆಡುತ್ತದೆ, ಇನ್‌ವರ್ಡ್ ಹಾಕುವ ಅಭ್ಯಾಸವೂ ಹೋಗುತ್ತದೆ.

ಈಗ ಸಾಫ್ಟ್‌ವೇರ್ ಆರಿಸಿ. ಮುಂಬೈನ ಫ್ರಾಪೆ ಕಂಪನಿಯ ಇಆರ್‌ಪಿ ನೆಕ್ಸ್ಟ್ ಓಪನ್ ಸೋರ್ಸ್, ಲೈಸೆನ್ಸ್‌ಗೆ ದುಡ್ಡಿಲ್ಲ. ಜಿಎಸ್‌ಟಿಗೆ ಇಂಡಿಯಾ ಕಂಪ್ಲಯನ್ಸ್ ಅನ್ನುವ ಆ್ಯಪ್ ಬೇರೆ ಹಾಕಬೇಕು. ಪುಕ್ಕಟೆ ಅಂದುಕೊಳ್ಳಬೇಡಿ, ಸರ್ವರಿಗೆ, ಕೂರಿಸಿ ಕೊಡುವವರಿಗೆ, ಆಮೇಲೆ ಫೋನ್ ಎತ್ತುವವರಿಗೆ ಖರ್ಚಾಗುತ್ತದೆ. ಯಾವುದನ್ನೇ ನೋಡಿದರೂ ನಿಮ್ಮದೇ ಐಟಂ ಪಟ್ಟಿ, ನಿಮ್ಮದೇ ಒಂದು ಹಳೇ ಡಿಸಿ ಕೊಟ್ಟು, 492 ಪೀಸ್ ವಾಪಸ್ ಬಂದದ್ದನ್ನು ಎದುರಿಗೇ ಹಾಕಿ ತೋರಿಸಲು ಹೇಳಿ. ವರ್ಷದ ವಹಿವಾಟು 5 ಕೋಟಿ ದಾಟಿದ್ದರೆ ಇ-ಇನ್‌ವಾಯ್ಸ್ (ಬಿಲ್ಲನ್ನು ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸುವುದು) ಕಡ್ಡಾಯ, ಅದನ್ನೂ ಅಲ್ಲೇ ಮಾಡಿಸಿ ನೋಡಿ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಯಾರು ಯಾವ ಎಂಟ್ರಿ ತಿದ್ದಿದರು ಅನ್ನುವ ದಾಖಲೆ 2023ರ ಏಪ್ರಿಲ್ 1ರಿಂದ ಕಡ್ಡಾಯ, ಅದನ್ನು ಆಫ್ ಮಾಡಲು ಬರುತ್ತದಾ ಅಂತ ಕೇಳಿ. ಬರುತ್ತದೆ ಅಂದರೆ ಬೇಡ.

ಮುಂಗಡ ಕೊಡುವ ಮೊದಲು ಇನ್ನೆರಡು ಮಾತು ಬರಹದಲ್ಲಿ ತೆಗೆದುಕೊಳ್ಳಿ: ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಬೇಕು, ದಿನದ ಬ್ಯಾಕಪ್ ನೀವು ಹೇಳಿದ ಜಾಗಕ್ಕೆ ಬರಬೇಕು.