ಉಡುಪಿಯ ಸೆಕೆಯಲ್ಲಿ ಟೀಸೆಲ್ ಹೂ ಬಿಡಿಸಿದ್ದು

ಟೀಸೆಲ್ ಅಂದ್ರೆ ಮುಳ್ಳು ತಲೆಯ ಹೂವಿನ ಗಿಡ. ಯುರೋಪಿನ ಚಳಿ ಗಿಡ, ಇಲ್ಲಿ ಆಗ್ಲಿಕ್ಕೇ ಇಲ್ಲ ಮಾರಾಯ ಅಂತ ಎಲ್ರೂ ಹೇಳಿದ್ರು. ಈ ಫೆಬ್ರವರಿಯಲ್ಲಿ ನಮ್ಮ ಟೆರೇಸಲ್ಲಿ ನಾಲ್ಕು ಗಿಡ ಹೂ ಬಿಟ್ಟಿತು, ಅದಕ್ಕೇ ಬರೀತಿದ್ದೇನೆ.

ಮೊದಲ ಸಲ ಜೂನಲ್ಲಿ ಬೀಜ ಹಾಕಿದ್ದು ಶುದ್ಧ ಪೆದ್ದುತನ, ನಮ್ಮ ಮಳೆಗೆ ಸಸಿ ಎಲ್ಲ ಬುಡ ಕೊಳೆತು ಮಲಗಿದ್ವು. ಮುಂದಿನ ಸಲ ಬೀಜವನ್ನೇ ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೂವರೆ ತಿಂಗಳು ಫ್ರಿಜ್ಜಲ್ಲಿಟ್ಟೆ. ಗಿಡ ಬಂತು, ಆದ್ರೆ ಎಲೆ ನೆಲಕ್ಕೆ ಅಂಟಿ ಕೂತದ್ದು ಕೂತೇ ಇತ್ತು, ದಂಟು ಏಳ್ಲೇ ಇಲ್ಲ. ಹೂ ಬಿಡ್ಲಿಕ್ಕೆ ಚಳಿ ಬೇಕಾದ್ದು ಬೀಜಕ್ಕಲ್ಲ, ಬೆಳೆದ ಗಿಡಕ್ಕೆ. ಇಷ್ಟು ತಿಳಿಲಿಕ್ಕೆ ಒಂದು ವರ್ಷ ಹೋಯ್ತು.

ಆಮೇಲೆ ಗೂಡಂಗಡಿ ಮುಚ್ಚಿದ ಒಬ್ಬರಿಂದ ಜ್ಯೂಸ್ ಬಾಟಲಿ ಇಡುವ ಗಾಜಿನ ಬಾಗಿಲಿನ ಹಳೆ ಫ್ರಿಜ್ ಏಳು ಸಾವಿರಕ್ಕೆ ತಂದೆ. ಊಟದ ತಟ್ಟೆಯಷ್ಟು ಅಗಲ ಆದ ಆರು ಗಿಡವನ್ನು ಆಗಸ್ಟಲ್ಲಿ ಕುಂಡ ಸಮೇತ ಒಳಗಿಟ್ಟು ಸುಮಾರು ಹತ್ತು ವಾರ ನಾಲ್ಕೈದು ಡಿಗ್ರಿಯಲ್ಲಿ ಬಿಟ್ಟೆ, ಒಳಗೊಂದು ಟ್ಯೂಬ್‌ಲೈಟ್. ದಿನಾ ನೀರು ಹಾಕಿ ಎರಡನ್ನು ನಾನೇ ಕೊಂದೆ. ಕರೆಂಟ್ ಬಿಲ್ ತಿಂಗಳಿಗೆ ಎಂಟುನೂರೋ ಒಂಬೈನೂರೋ ಜಾಸ್ತಿ ಬಂತು. ಈ ದುಡ್ಡಿಗೆ ಶಂಕರಪುರ ಮಲ್ಲಿಗೆ ಹಾಕಿದ್ರೆ ಅಟ್ಟೆ ಕಟ್ಟಿ ಮಾರ್ಬಹುದಿತ್ತಲ್ವಾ ಅಂತ ಅಮ್ಮ ಈಗ್ಲೂ ಹೇಳ್ತಾರೆ. ಹೊರಗೆ ತೆಗೆದ ಮೇಲೆ ಸಂಜೆ ಲೈಟ್ ಎಷ್ಟು ಹೊತ್ತು ಅನ್ನುವ ಲೆಕ್ಕ ಉಂಟು, ಅದು ನನ್ನ ಹತ್ರ ಇರ್ಲಿ.

ದಂಟಿನ ಜೋಡಿ ಎಲೆಗಳ ಬುಡ ಸೇರಿ ನೀರು ನಿಲ್ಲುವ ಬಟ್ಟಲಾಗ್ತದೆ. ಡಿಪ್ಸಕಸ್ ಅನ್ನುವ ಇದರ ಸಸ್ಯಶಾಸ್ತ್ರದ ಹೆಸರಿಗೆ ಗ್ರೀಕಿನ ಬಾಯಾರಿಕೆಯೇ ಮೂಲವಂತೆ. ನಮ್ಮಲ್ಲಿ ಬಾಯಾರಿ ಬಂದದ್ದು ನುಸಿ, ಅಂದ್ರೆ ಸೊಳ್ಳೆ. ಪೈಪಲ್ಲಿ ನೀರು ಬಿಟ್ಟು ವಾರಕ್ಕೆ ಬಟ್ಟಲ ತುಂಬ ಮರಿ ಕುಣೀತಿತ್ತು, ಆಮೇಲೆ ದಿನಾ ಹತ್ತಿ ಅದ್ದಿ ಹಿಂಡಿ ತೆಗೆಯುವ ಕೆಲಸ.

ಹೂ ಬಿಡುವ ಚಂದ ನೋಡ್ಬೇಕು. ಮುಳ್ಳು ತಲೆಯ ನಡುವಿಗೆ ನೇರಳೆ ಉಡಿದಾರ ಕಟ್ಟಿದ ಹಾಗೆ ಶುರುವಾಗಿ, ಎರಡಾಗಿ ಒಡೆದು ಒಂದು ಮೇಲೆ ಒಂದು ಕೆಳಗೆ ಹೋಗ್ತದೆ. ಬಾಟನಿ ಪಾಠ ಮಾಡುವ ಫ್ರೆಂಡ್ ಇದು ಸೇವಂತಿಗೆ ಫ್ಯಾಮಿಲಿ ಅಂತ ವಾದಕ್ಕೆ ಕೂತ. ಲೆನ್ಸ್ ಕೊಟ್ಟು ಕೇಸರ ಎಣಿಸು ಅಂದೆ. ನಾಲ್ಕು, ಅದೂ ಬಿಡಿಬಿಡಿ. ಸೇವಂತಿಗೆ ಬಳಗದಲ್ಲಿ ಐದು, ಪರಾಗಕೋಶ ಅಂಟಿ ಕೊಳವೆ ಆಗಿರ್ತದೆ. ಹಳೆ ಪುಸ್ತಕದಲ್ಲಿ ಇದರ ಫ್ಯಾಮಿಲಿ ಡಿಪ್ಸಕೇಸಿಯೆ, ಹೂಗಿಡಗಳನ್ನು ವರ್ಗೀಕರಿಸುವ 2009ರ ಎಪಿಜಿ ಪಟ್ಟಿಯಲ್ಲಿ ಹನಿಸಕಲ್ ಗಿಡ ಇರುವ ಕ್ಯಾಪ್ರಿಫೋಲಿಯೇಸಿಯೆಗೆ ಸೇರಿದೆ. ಅವನು ಮಾತಾಡ್ಲಿಲ್ಲ, ಚಾ ಕುಡಿದು ಹೋದ.

ಮೋಸ ಆದದ್ದು ಬೀಜದ ಪ್ಯಾಕೆಟಲ್ಲಿ. ಮೇಲೆ ಸಟೈವಸ್ ಅಂತ ಇತ್ತು, ಉಣ್ಣೆ ಬಟ್ಟೆಗೆ ಉಜ್ಜಿ ಮೇಲೆ ನವಿರು ಎಬ್ಬಿಸುವ ಜಾತಿ, ಅದರ ಮುಳ್ಳಿನ ತುದಿ ಕೊಕ್ಕೆಯಂತೆ ಬಗ್ಗಿರ್ಬೇಕು. ನನ್ನದು ಸೂಜಿಯಂತೆ ನೆಟ್ಟಗೆ, ಅಂದ್ರೆ ಕಾಡು ಫುಲ್ಲೋನಮ್. ಆದ್ರೂ ಅಮ್ಮನ ಶಾಲಿಗೆ ಉಜ್ಜಿ ನೋಡಿದೆ, ಮುಳ್ಳು ಮುರಿದು ಶಾಲಲ್ಲೇ ಉಳೀತು.

ಹೂ ಮುಗಿದು ಗಿಡ ಸತ್ತವು. ಬೀಜ ಬೇಕಾದ್ರೆ ಹೇಳಿ, ಕೊಡ್ತೇನೆ. ಲೈಟಿನ ಲೆಕ್ಕ ಕೇಳ್ಬೇಡಿ.